ಊರು ಬದಲಿಸಿದ ತಂಡ, ಅಂಗಳ ಬಿಡದ ಮರ್ರೆ

ಸ್ಕಾಟ್ಲೆಂಡಿನ ಮರ್ರೆ ಎಂದರೆ ನಮ್ಮಲ್ಲಿ ಟೆನಿಸ್ ನೋಡುವವರಿಗೆ ಆಂಡಿ ಮರ್ರೆ ನೆನಪಾಗುತ್ತಾರೆ. ಗ್ಲಾಸ್ಗೋದ ಬ್ಯಾಸ್ಕೆಟ್‌ಬಾಲ್ ಪ್ರೇಕ್ಷಕರಿಗೆ ಅದೇ ಹೆಸರಿನ ಇನ್ನೊಬ್ಬರು ಪರಿಚಿತರು. ಅವರು ಗ್ಯಾರೆತ್ ಮರ್ರೆ. ದಶಕಕ್ಕೂ ಹೆಚ್ಚು ಕಾಲ ಗ್ಲಾಸ್ಗೋ ತಂಡದ ಫಾರ್ವರ್ಡ್ ಆಗಿದ್ದು, ಆಮೇಲೆ ಅದೇ ತಂಡಕ್ಕೆ ಕೋಚ್ ಆದವರು. 2023ರ ಮಾರ್ಚ್‌ನಲ್ಲಿ ಎಮಿರೇಟ್ಸ್ ಅರೀನಾದಲ್ಲಿ ಅವರ ಕ್ಯಾಲೆಡೋನಿಯಾ ಗ್ಲೇಡಿಯೇಟರ್ಸ್ ತಂಡವು ಚೆಷೈರ್ ಫೀನಿಕ್ಸ್ ತಂಡವನ್ನು ಸೋಲಿಸಿ ಆಗಿನ ಬ್ರಿಟಿಷ್ ಬ್ಯಾಸ್ಕೆಟ್‌ಬಾಲ್ ಲೀಗ್‌ನ (ಬಿಬಿಎಲ್) ಟ್ರೋಫಿ ಎತ್ತಿಹಿಡಿಯಿತು. ಈ ಕ್ಲಬ್ ಅದಕ್ಕೂ ಹಿಂದೆ ದೊಡ್ಡ ಪ್ರಶಸ್ತಿ ಗೆದ್ದದ್ದು 2003ರಲ್ಲಿ. ನಡುವಿನ ಇಪ್ಪತ್ತು ವರ್ಷ ಏನಾಯಿತು ಎಂಬುದನ್ನು ತಿಳಿಯಲು ಇನ್ನೂ ಹಿಂದಕ್ಕೆ ಹೋಗಬೇಕು.

1980ರ ದಶಕದಲ್ಲಿ ಸ್ಕಾಟಿಷ್ ಬ್ಯಾಸ್ಕೆಟ್‌ಬಾಲ್ ಬಡವಾಗಿರಲಿಲ್ಲ. ಲೋಹದ ವ್ಯಾಪಾರಿ ಡೇವಿಡ್ ಮರ್ರೆ ತಮ್ಮ ಕಂಪನಿಯ ಹೆಸರಿನಲ್ಲೇ ನಡೆಸುತ್ತಿದ್ದ ತಂಡವು 1988ರಲ್ಲಿ ಲಿವಿಂಗ್‌ಸ್ಟನ್‌ನಿಂದ ಆಡಿ ಬ್ರಿಟಿಷ್ ಪ್ಲೇಆಫ್ ಗೆದ್ದಿತು. ಅದೇ ವರ್ಷ ಅವರು ರೇಂಜರ್ಸ್ ಫುಟ್‌ಬಾಲ್ ಕ್ಲಬ್ಬನ್ನು ಕೊಂಡರು. ಲಂಡನ್ ಸಮೀಪದ ಕಿಂಗ್‌ಸ್ಟನ್ ತಂಡವು ಗ್ಲಾಸ್ಗೋಗೆ ಬಂದು, ರೇಂಜರ್ಸ್ ಹೆಸರಿನಲ್ಲಿ ಒಂದೇ ಒಂದು ಋತು ಆಡಿ, ಲೀಗ್ ಗೆದ್ದು, ಬಂದ ದಾರಿಯಲ್ಲೇ ಹಿಂದಿರುಗಿತು. ಯಜಮಾನನ ಮನಸ್ಸು ಬೇರೆಡೆ ಹರಿದರೆ ತಂಡವೂ ಇಲ್ಲ ಎನ್ನುವ ಸ್ಥಿತಿ ಅದು; ಒಟ್ಟು ಕಥೆಯ ಬೇರು ಇಲ್ಲಿದೆ ಎಂದು ನನಗನ್ನಿಸುತ್ತದೆ.

ಮುಂದೆ ಗ್ಲೇಡಿಯೇಟರ್ಸ್ ಆಗಲಿದ್ದ ಕ್ಲಬ್ 1998ರಲ್ಲಿ ಎಡಿನ್‌ಬರೋ ರಾಕ್ಸ್ ಎಂಬ ಹೆಸರಿನಲ್ಲಿ ಹುಟ್ಟಿತು. ಅದು ಮೊದಲಿಗೆ ಆಡಿದ್ದು 1970ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ಕಟ್ಟಿದ ಮೆಡೋಬ್ಯಾಂಕ್‌ನಲ್ಲಿ. 2002ರಲ್ಲಿ ಅದು ಗ್ಲಾಸ್ಗೋ ಹೊರವಲಯದ ಬ್ರೇಹೆಡ್‌ಗೆ ಹೋಗಿ ಸ್ಕಾಟಿಷ್ ರಾಕ್ಸ್ ಎನಿಸಿಕೊಂಡಿತು, ಮರುವರ್ಷವೇ ಪ್ಲೇಆಫ್ ಗೆದ್ದಿತು. ಅಲ್ಲಿಂದ ಕೆಲ್ವಿನ್ ಹಾಲ್, ಗ್ಲಾಸ್ಗೋ ರಾಕ್ಸ್ ಎಂಬ ಹೊಸ ಹೆಸರು, ಕೊನೆಗೆ 2014ರ ಕ್ರೀಡಾಕೂಟಕ್ಕೆಂದು ಎದ್ದುನಿಂತ ಎಮಿರೇಟ್ಸ್ ಅರೀನಾ.

ಒಳ್ಳೆಯ ಆಟಗಾರನಿಗೆ ಹೊರದೇಶವೇ ಗತಿ ಎಂಬಂತಿದ್ದ ಕಾಲವದು. ಪೇಸ್ಲಿಯಲ್ಲಿ ಹುಟ್ಟಿದ ರಾಬರ್ಟ್ ಆರ್ಚಿಬಾಲ್ಡ್ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆಡಿ, ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ 2002ರ ಡ್ರಾಫ್ಟ್‌ನಲ್ಲಿ ಮೆಂಫಿಸ್ ಪಾಲಾಗಿ, ಎನ್‌ಬಿಎ ಮುಟ್ಟಿದ ಮೊದಲ ಸ್ಕಾಟ್ ಎನಿಸಿದರು. ಸ್ಟರ್ಲಿಂಗ್‌ನ ಕೀರನ್ ಅಚಾರಾ ಡ್ಯುಕೇನ್ ವಿಶ್ವವಿದ್ಯಾಲಯಕ್ಕೆ ಹೋಗಿ, ಯುರೋಪ್ ಸುತ್ತಿ, ಗ್ಲಾಸ್ಗೋಗೆ ಮರಳಿದರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಇಬ್ಬರೂ ಗ್ರೇಟ್ ಬ್ರಿಟನ್ ತಂಡದಲ್ಲಿದ್ದರು. ಹಿರಿಯರ ಅಂತರರಾಷ್ಟ್ರೀಯ ಟೂರ್ನಿಗಳಿಗೆ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಒಂದಾಗಿಬಿಟ್ಟಿದ್ದರಿಂದ, ಸ್ಕಾಟ್ಲೆಂಡ್ ಎಂದೇ ಬರೆದ ಜರ್ಸಿ ತೊಡಲು ಉಳಿದ ದೊಡ್ಡ ವೇದಿಕೆ ಕಾಮನ್‌ವೆಲ್ತ್ ಕ್ರೀಡಾಕೂಟ ಮಾತ್ರ.

2018ರ ಗೋಲ್ಡ್ ಕೋಸ್ಟ್ ಕೂಟದಲ್ಲಿ ಗ್ಯಾರೆತ್ ಮರ್ರೆ ಆ ಜರ್ಸಿ ತೊಟ್ಟರು. ಗುಂಪಿನಲ್ಲಿ ಭಾರತವೂ ಇತ್ತು. ನಮ್ಮವರು ಮೂರೂ ಪಂದ್ಯ ಸೋತು ಹೊರಬಿದ್ದರೆ, ಸ್ಕಾಟ್ಲೆಂಡ್ ಕಂಚಿನ ಪಂದ್ಯದಲ್ಲಿ ನ್ಯೂಜಿಲೆಂಡ್‌ಗೆ ಸೋತು ನಾಲ್ಕನೆಯ ಸ್ಥಾನಕ್ಕೆ ನಿಂತಿತು.

ಕೋವಿಡ್ ವರ್ಷವಾದ 2020ರಲ್ಲಿ, ಫ್ರೆಂಚ್ ಕೋಚ್ ವಿನ್ಸೆಂಟ್ ಲವಾಂಡಿಯೇ ನಂತರ, ರಾಕ್ಸ್ ಮರ್ರೆಯವರನ್ನೇ ಆಟಗಾರ-ಕೋಚ್ ಮಾಡಿತು. ಕಾಸಿಲ್ಲದ ಕ್ಲಬ್‌ಗಳಿಗೆ ಇದು ಹಳೆಯ ಉಪಾಯ. ಹೊರುವವನಿಗೆ ಮಾತ್ರ ಹಗುರವಲ್ಲ. ಅಂತರರಾಷ್ಟ್ರೀಯ ನಿಯಮದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಟೈಮ್‌ಔಟ್ ಕೇಳುವ ಹಕ್ಕು ಮುಖ್ಯ ಕೋಚ್‌ಗೆ ಅಥವಾ ಮೊದಲ ಸಹಾಯಕನಿಗೆ ಮಾತ್ರ. ಮೊದಲರ್ಧಕ್ಕೆ ಎರಡು, ಎರಡನೆಯ ಅರ್ಧಕ್ಕೆ ಮೂರು, ತಲಾ ಒಂದು ನಿಮಿಷ. ಎದುರಾಳಿ ಸತತ ಎಂಟು ಅಂಕ ಗಳಿಸುತ್ತಿರುವಾಗ ಆಟ ನಿಲ್ಲಿಸಬೇಕೇ ಬೇಡವೇ ಎಂದು ಬೆಂಚಿನಲ್ಲಿ ಕುಳಿತವನಿಗೆ ತೋಚುತ್ತದೆ. ಅದೇ ಹೊತ್ತಿಗೆ ರೀಬೌಂಡ್‌ಗೆ, ಅಂದರೆ ಬುಟ್ಟಿಗೆ ಬೀಳದೆ ಪುಟಿದು ಬರುವ ಚೆಂಡಿಗೆ, ಮೊಣಕೈ ಒತ್ತಿ ನಿಂತವನಿಗೆ ಅಂಗಳದ ಅರ್ಧವೂ ಕಾಣುವುದಿಲ್ಲ. ನಿನ್ನೆಯವರೆಗೆ ಪಕ್ಕದಲ್ಲಿ ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದ ಗೆಳೆಯನನ್ನು ಇಂದು ಬೆಂಚಿಗೆ ಕಳಿಸುವುದು, ತನ್ನನ್ನು ತಾನೇ ಕಳಿಸಿಕೊಳ್ಳುವುದು, ಎರಡೂ ಅವನದೇ ಲೆಕ್ಕ. ಕ್ರಮೇಣ ಮರ್ರೆ ಆಟ ಬಿಟ್ಟು ಪೂರ್ಣಾವಧಿ ಕೋಚ್ ಆದರು. ಆ ನಿರ್ಧಾರ ಸರಿಯಿತ್ತು ಎನ್ನಲು 2023ರ ಟ್ರೋಫಿಯೇ ಸಾಕು.

2022ರಲ್ಲಿ ಸ್ಟೀವ್ ಮತ್ತು ಆಲಿಸನ್ ಟಿಮೋನಿ ದಂಪತಿ ಕ್ಲಬ್ಬನ್ನು ಕೊಂಡು ಗ್ಲೇಡಿಯೇಟರ್ಸ್ ಎಂದು ಹೆಸರಿಟ್ಟಿದ್ದರು. ಹಣ ಬಂತು, ಜೊತೆಗೆ ಮತ್ತೊಂದು ಸ್ಥಳಾಂತರವೂ ಬಂತು: ಟ್ರೋಫಿ ಗೆದ್ದ ಕೆಲವೇ ತಿಂಗಳಲ್ಲಿ ತಂಡವು ಈಸ್ಟ್ ಕಿಲ್‌ಬ್ರೈಡ್‌ನ ಹೊಸ, ಸಣ್ಣ ಅಂಗಳಕ್ಕೆ ಹೋಯಿತು. ಅಲ್ಲಿನ ಮೊದಲ ಋತು ಮುಗಿಯುವ ಮುನ್ನವೇ ಮರ್ರೆ ಹುದ್ದೆಯಿಂದ ಹೊರಬಿದ್ದರು. ಆ ಜಾಗಕ್ಕೆ ತಾತ್ಕಾಲಿಕವಾಗಿ ಬಂದ ಜಾನಿ ಬನ್ಯನ್ ಕೂಡ ಅದೇ ತಂಡದಲ್ಲಿ ಅವರೊಂದಿಗೆ ಆಡಿದ್ದ ಸ್ಕಾಟಿಷ್ ಆಟಗಾರ.