ಮೊಳೆಯನ್ನು ಅಷ್ಟು ಬಡಿಯಬೇಡಿ ಮಾರಾಯ್ರೇ

ಮುಂಬೈಯ ಮನೆಗಳಲ್ಲಿ ಮಾಡೆಲ್ ರೈಲಿನ ಲೇಔಟ್, ಅಂದರೆ ಪುಟ್ಟ ರೈಲು ಓಡುವ ಹಳಿಗಳ ಹಾಸು, ಕಟ್ಟಿಕೊಡುವುದು ನನ್ನ ಕೆಲಸ. ಬರುವ ಫೋನುಗಳಲ್ಲಿ ದೂರು ಹೆಚ್ಚಾಗಿ ಒಂದೇ: "ಇಂಜಿನ್ ಸರಿ ಇಲ್ಲ, ಹಳಿ ತಪ್ಪುತ್ತದೆ." ನನ್ನ ಪ್ರಶ್ನೆಯೂ ಒಂದೇ. ಎಲ್ಲಿ ತಪ್ಪುತ್ತದೆ? ಒಂದೇ ಬೋಗಿ ಎಲ್ಲೆಂದರಲ್ಲಿ ಬೀಳುತ್ತಿದ್ದರೆ ಅದರ ಗಾಲಿ ನೋಡಬೇಕು. ಎಲ್ಲವೂ ಒಂದೇ ಜಾಗದಲ್ಲಿ ಬೀಳುತ್ತಿದ್ದರೆ ಇಂಜಿನ್ನನ್ನು ಸುಮ್ನೆ ಬೈಯಬೇಡಿ. ಸುತ್ತಿಗೆ ಹಿಡಿದವರನ್ನು ಬೈಯಿರಿ.

ಮಾಟುಂಗದಲ್ಲಿ ಹೋಟೆಲ್ ನಡೆಸಿ, ಈಗ ಮಗನಿಗೆ ಬಿಟ್ಟುಕೊಟ್ಟ ನಮ್ಮೂರ ಕಡೆಯ ಹಿರಿಯರೊಬ್ಬರಿದ್ದಾರೆ. 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಮೇಲೆ ತಾವೇ ಹಳಿ ಹಾಸಿದ್ದರು. ಒಂದು ತಿರುವಿನಲ್ಲಿ ರೈಲು ಬೀಳುತ್ತದೆ ಅಂತ ಎರಡು ಸಲ ಅಂಗಡಿಗೆ ಹೋಗಿ ಇಂಜಿನ್ ಬದಲಿಸಿಕೊಂಡು ಬಂದಿದ್ದರು. ನಾನು ನೋಡಿದರೆ ಮೊಳೆಗಳ ತಲೆ ಸ್ಲೀಪರಿನೊಳಗೆ, ಅಂದರೆ ಹಳಿಗಳ ಅಡಿಗೆ ಅಡ್ಡಲಾಗಿರುವ ಪಟ್ಟಿಯೊಳಗೆ, ಹೂತುಹೋಗಿದೆ.

"ಯಾಕೆ ಅಣ್ಣ ಇಷ್ಟು ಬಡಿದಿರಿ?"

"ಗಟ್ಟಿ ಇರಲಿ ಅಂತ ಮಾರಾಯ. ಹೋಟೆಲಿನ ಬೆಂಚಿಗೆ ನಾನು ಬಡಿದ ಮೊಳೆ ಇವತ್ತಿಗೂ ಅಲ್ಲಾಡಿಲ್ಲ."

ಬೆಂಚಿನ ಮೇಲೆ ಜನ ಕೂರುತ್ತಾರೆ. ಇಲ್ಲಿ ಓಡುವ ಇಂಜಿನ್ ಸಾಮಾನ್ಯವಾಗಿ ಅರ್ಧ ಕಿಲೋವೂ ತೂಗುವುದಿಲ್ಲ!

ಇದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸ್ಲೀಪರ್ ಪ್ಲಾಸ್ಟಿಕ್ಕಿನದು. ಮೊಳೆ ಇಳಿಯುವುದು ಅದರ ನಟ್ಟನಡುವೆ. ಅಡಿಯಲ್ಲಿ ಕಾರ್ಕ್ ಇದ್ದರೆ ಅದೂ ಮೆತ್ತಗೆ. ಜೋರಾಗಿ ಬಡಿದರೆ ಸ್ಲೀಪರಿನ ನಡು ತಗ್ಗುತ್ತದೆ, ತುದಿಗಳು ಏಳುತ್ತವೆ. ಆಗ ಎರಡೂ ಹಳಿಗಳ ತಲೆ ಒಳಕ್ಕೆ ವಾಲುತ್ತದೆ. ಎಚ್‌ಓ ಅನ್ನುವ ಮಾಡೆಲ್ ರೈಲಿನ ಅಳತೆಯಲ್ಲಿ ಹಳಿಗಳ ನಡುವೆ 16.5 ಮಿ.ಮೀ. ಇರಬೇಕು. ಅದು ಕಿರಿದಾದರೆ ಗಾಲಿಯ ಅಂಚು ಹಳಿಯ ಮೇಲೆ ಹತ್ತಿಬಿಡುತ್ತದೆ. ಅರ್ಧ ಮಿ.ಮೀ. ಹೋದರೆ ಏನು ಮಹಾ ಅಂತೀರಾ? ಎಚ್‌ಓ ಅಂದರೆ 1:87, ದೊಡ್ಡ ರೈಲಿನ 87ರಲ್ಲಿ ಒಂದು ಪಾಲು. ದೊಡ್ಡ ರೈಲಿನ ಲೆಕ್ಕಕ್ಕೆ ಅದು 43 ಮಿ.ಮೀ.ಗಿಂತ ಜಾಸ್ತಿ. ದಾದರಿನ ಹತ್ತಿರ ಹಳಿ ಅಷ್ಟು ಒಳಗೆ ಬಂದರೆ ಲೋಕಲ್ ಓಡುತ್ತದಾ?

ಹಳಿ ಪಕ್ಕಕ್ಕೆ ಜಾರದಂತೆ ನೋಡಿಕೊಳ್ಳುವುದಷ್ಟೇ ಮೊಳೆಯ ಕೆಲಸ. ಒತ್ತಿ ಹಿಡಿಯುವುದಲ್ಲ. ನಮ್ಮ ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಆಮೇಲೆ ಕುಗ್ಗುತ್ತದೆ. ಹಳಿಗೂ ಒಂಚೂರು ಜರುಗಲು ಬಿಡಬೇಕು, ಅಲ್ವಾ? ಮೊಳೆಯ ತಲೆ ಸ್ಲೀಪರಿಗೆ ತಾಗಿಯೂ ತಾಗದ ಹಾಗಿರಲಿ. ನಾನು ನಡುವೆ ದಪ್ಪ ಕಾಗದದ ತುಂಡು ಇಟ್ಟು ಬಡಿಯುತ್ತೇನೆ, ಆಮೇಲೆ ಕಾಗದ ಎಳೆದುಬಿಡುತ್ತೇನೆ. ಈಗಾಗಲೇ ಬಡಿದಾಗಿದ್ದರೆ ಮೊಳೆಯನ್ನು ಕೂದಲೆಳೆಯಷ್ಟು ಎತ್ತಿ ನೋಡಿ. ಸ್ಲೀಪರ್ ಹೆಚ್ಚಾಗಿ ತಾನೇ ನೆಟ್ಟಗಾಗುತ್ತದೆ. ಬಹಳ ಕಾಲ ಬಗ್ಗಿದ್ದರೆ ಆಗದೆಯೂ ಇರಬಹುದು. ಆಗ ಆ ತುಂಡು ಹಳಿ ಬದಲಿಸುವುದೇ ಒಳ್ಳೆಯದು.

ಅಣ್ಣನ ಮನೆಯಲ್ಲಿ 11 ಮೊಳೆ ಸಡಿಲಿಸಿದೆ. ಮೂರನೇ ಇಂಜಿನ್ ಆ ತಿರುವನ್ನು ತಣ್ಣಗೆ ದಾಟಿತು. ಅವರು ಏನೂ ಹೇಳಲಿಲ್ಲ. ಒಳಗಿಂದ ಕಾಫಿ ಬಂತು. ಮೊನ್ನೆ ಹೋದಾಗ ಹೊಸದೊಂದು ಸೈಡಿಂಗ್, ಅಂದರೆ ಪಕ್ಕದ ಹಳಿ, ಹಾಸುತ್ತಿದ್ದರು. ಕಾಗದದ ತುಂಡಿಗೆ ಹೋಟೆಲಿನ ಹಳೆಯ ಮೆನು ಕಾರ್ಡ್ ಕತ್ತರಿಸಿಕೊಂಡಿದ್ದರು. ಒಂದು ಮೊಳೆಯ ಅಡಿಯಿಂದ ನೀರುದೋಸೆಯ ಹಳೆ ರೇಟು ಇಣುಕುತ್ತಿತ್ತು.