ಹಳೆ ಕಾರಿನ ಡಿಕ್ಕಿಗೆ ಸ್ಪಾಯ್ಲರ್: ಟೇಪ್ ಸಾಕಾ, ತೂತು ಹಾಕಬೇಕಾ?

ಓದುಗರ ಪ್ರಶ್ನೆ: ನಮ್ಮಪ್ಪ 1994ರಲ್ಲಿ ತಗೊಂಡ ಕಾಂಟೆಸ್ಸಾ ಕ್ಲಾಸಿಕ್ ಇನ್ನೂ ಮನೆಯಲ್ಲಿದೆ. ಒಂದು ಸಲ ಪೂರ್ತಿ ಪೇಂಟ್ ಆಗಿದೆ. ಡಿಕ್ಕಿ ಮೇಲೆ ಹಾಕೋಣ ಅಂತ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಫೈಬರ್ ಸ್ಪಾಯ್ಲರ್ (ಗಾಳಿಯ ಹರಿವು ತಿರುಗಿಸುವ ಪಟ್ಟಿ) ತಂದಿದ್ದೇನೆ. ಅಂಗಡಿಯವರು ಡಬಲ್ ಸೈಡ್ ಟೇಪ್ ಸಾಕು ಅಂದರು. ನಮ್ಮೂರಿನ ಟಿಂಕರಿಂಗ್ ಮೇಸ್ತ್ರಿ ಮಾತ್ರ ತೂತು ಹಾಕಿ ಬೋಲ್ಟ್ ಮಾಡದಿದ್ದರೆ ನಿಲ್ಲಲ್ಲ ಅಂತಾರೆ. ಯಾರ ಮಾತು ಕೇಳಲಿ?

ಮೇಸ್ತ್ರಿ ಮಾತೇ ಕೇಳಿ. ಆದರೆ ತೂತು ಹಾಕುವ ಮುಂಚೆ ಏನು ಮಾಡ್ತಾರೆ, ಹಾಕಿದ ಮೇಲೆ ಏನು ಮಾಡ್ತಾರೆ ಅಂತ ಪಕ್ಕದಲ್ಲಿ ನಿಂತು ನೋಡಿ. ಕಾಂಟೆಸ್ಸಾ ತಯಾರಿ 2002ಕ್ಕೇ ನಿಂತಿತು. ಡಿಕ್ಕಿ ಡೋರ್ ಹಾಳಾದರೆ ಇನ್ನೊಂದು ಸುಲಭಕ್ಕೆ ಸಿಗಲ್ಲ. ತೂತಿನ ಅಂಚಿನಲ್ಲಿ ಒಮ್ಮೆ ತುಕ್ಕು ಹಿಡಿಯಿತು ಅಂದರೆ ಅದು ಪೇಂಟಿನ ಅಡಿಯಲ್ಲೇ ಹರಡುತ್ತಾ ಹೋಗುತ್ತದೆ. ಹೊರಗೆ ಗುಳ್ಳೆ ಕಾಣುವಷ್ಟರಲ್ಲಿ ಒಳಗಿನ ತಗಡು ಅರ್ಧ ತಿಂದು ಮುಗಿದಿರುತ್ತದೆ.

ಟೇಪ್ ಕೆಟ್ಟದ್ದೇನಲ್ಲ. ಈಗಿನ ಎಷ್ಟೋ ಕಾರುಗಳಲ್ಲಿ ಬೀಡಿಂಗು, ಬ್ಯಾಡ್ಜು, ಡಿಕ್ಕಿ ಅಂಚಿನ ಸಣ್ಣ ಸ್ಪಾಯ್ಲರು ಅಕ್ರಿಲಿಕ್ ಫೋಮ್ ಟೇಪಿನ ಮೇಲೇ ನಿಂತಿರುತ್ತವೆ. ಚೆನ್ನಾಗಿ ಒರೆಸಿ, ಒತ್ತಿ ಅಂಟಿಸಿ, 72 ಗಂಟೆ ಮುಟ್ಟದೆ ಬಿಟ್ಟರೆ ಒಳ್ಳೆ ಟೇಪು ಪೂರ್ತಿ ಹಿಡಿತಕ್ಕೆ ಬರುತ್ತದೆ. ತೊಂದರೆ ಇರೋದು ಟೇಪಿನಲ್ಲಲ್ಲ, ಅದರ ಕೆಳಗೆ. ಟೇಪು ಹಿಡಿದುಕೊಳ್ಳೋದು ಪೇಂಟನ್ನು. ಮತ್ತೆ ಪೇಂಟ್ ಆದ ಹಳೆ ಗಾಡಿಯಲ್ಲಿ ಪೇಂಟಿನ ಕೆಳಗೆ ಪ್ರೈಮರ್, ಅದರ ಕೆಳಗೆ ಪುಟ್ಟಿ, ಅದಕ್ಕೂ ಕೆಳಗೆ ಕಂಪನಿ ಪೇಂಟು ಇರಬಹುದು. ಇವುಗಳಲ್ಲಿ ಯಾವುದರ ಹಿಡಿತ ಕಮ್ಮಿಯೋ ಅಲ್ಲಿಂದಲೇ ಎಲ್ಲ ಎದ್ದು ಬರುತ್ತದೆ. ಬಿಸಿಲಲ್ಲಿ ನಿಂತ ಡಿಕ್ಕಿ ಮೇಲೆ ಕೈ ಇಡೋಕಾಗಲ್ಲ ಅಲ್ವಾ? ಅಷ್ಟು ಕಾದು, ರಾತ್ರಿ ತಣ್ಣಗಾಗಿ, ಮತ್ತೆ ಕಾದು ಹಿಡಿತ ಸಡಿಲ ಆಗುತ್ತದೆ. ಹೆದ್ದಾರಿಯಲ್ಲಿ ಸ್ಪಾಯ್ಲರ್ ಹಾರಿಹೋದರೆ ನಿಮಗೆ ಹೋಗೋದು ದುಡ್ಡು ಮಾತ್ರ. ಹಿಂದೆ ಬೈಕಿನಲ್ಲಿ ಬರುತ್ತಿರುವವರ ಜೀವವೇ ಹೋಗಬಹುದು. ಅದಕ್ಕೇ ನಾನು ಟೇಪನ್ನಷ್ಟೇ ನಂಬಿ ಹಾಕಿ ಅನ್ನಲ್ಲ.

ಗಾಳಿಯ ಬಲ ವೇಗದ ಜೊತೆ ನೇರವಾಗಿ ಏರಲ್ಲ. ಗಂಟೆಗೆ 60 ಕಿಲೋಮೀಟರ್‌ನಲ್ಲಿ ಎಷ್ಟಿರುತ್ತದೋ 120ರಲ್ಲಿ ಅದರ ನಾಲ್ಕು ಪಟ್ಟು. ಸ್ಪಾಯ್ಲರ್ ಕೆಲಸ ಮಾಡೋದೂ ಈ ಬಲದಿಂದಲೇ, ಕಿತ್ತುಹೋಗೋದೂ ಇದರಿಂದಲೇ. ಪೋರ್ಷೆ ಕಂಪನಿ 1972ರಲ್ಲಿ 911 ಕರೇರಾ ಆರ್‌ಎಸ್ 2.7 ಹೊರತಂದಾಗ ಎಂಜಿನ್ ಮುಚ್ಚಳದ ಮೇಲೆ ಬಾತುಕೋಳಿ ಬಾಲದ ಆಕಾರದ ಒಂದು ಉಬ್ಬು ಕೊಟ್ಟಿತು. ಇಳಿಜಾರಿನ ಹಿಂಭಾಗ ಜಾಸ್ತಿ ವೇಗದಲ್ಲಿ ಮೇಲೇಳೋದನ್ನು ತಡೆಯೋಕೆ ಅದು ಬೇಕಿತ್ತು. ಮುಂದಿನ ಬಂಪರ್ ಕೆಳಗೂ ಒಂದು ಸ್ಪಾಯ್ಲರ್ ಇತ್ತು. ಹಿಂದೆ ಮಾತ್ರ ಒತ್ತಿದರೆ ಮುಂಭಾಗ ಹಗುರಾಗಿ ಸ್ಟಿಯರಿಂಗ್ ಹಿಡಿತ ತಪ್ಪುತ್ತದೆ. ನಮ್ಮ ಕಾಂಟೆಸ್ಸಾ ಓಡುವ ವೇಗಕ್ಕೆ ಇದೆಲ್ಲ ದೊಡ್ಡ ವಿಷಯವಲ್ಲ. ಚೆಂದಕ್ಕೆ ಹಾಕ್ತಿದ್ದೀರಿ, ಅದರಲ್ಲೇನೂ ತಪ್ಪಿಲ್ಲ. ಆ ಅಗಲವಾದ ಡಿಕ್ಕಿಗೆ ತಗ್ಗಾದ ಸ್ಪಾಯ್ಲರ್ ಒಪ್ಪುತ್ತದೆ. ಎರಡು ಕಾಲಿನ ಮೇಲೆ ಎತ್ತರಕ್ಕೆ ನಿಲ್ಲುವ ರೆಕ್ಕೆ ತಂದಿದ್ದರೆ ವಾಪಸ್ ಕೊಡಿ. ಅದರ ಬಲವೆಲ್ಲ ನಾಲ್ಕು ಬೋಲ್ಟಿನ ಸುತ್ತ ಬಿದ್ದು ತೆಳು ತಗಡು ಬಿರಿಯುತ್ತದೆ.

ಕಾನೂನಿನ ವಿಷಯ ಒಂದೆರಡು ಮಾತಿನಲ್ಲಿ. ಆರ್‌ಸಿಯಲ್ಲಿರುವ ವಿವರಕ್ಕೂ ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೂ ವ್ಯತ್ಯಾಸ ಬರುವಂಥ ಬದಲಾವಣೆಯನ್ನು ಗಾಡಿಗೆ ಮಾಡಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಮೊದಲು ನಿಮ್ಮ ಆರ್‌ಟಿಒದಲ್ಲಿ ಕೇಳಿಕೊಳ್ಳಿ. ಸ್ಪಾಯ್ಲರ್ ಬಂಪರ್ ದಾಟಿ ಆಚೆ ಚಾಚಬಾರದು, ಅಂಚು ಚೂಪಾಗಿರಬಾರದು, ಲೈಟು ಮತ್ತು ನಂಬರ್ ಪ್ಲೇಟ್ ಮರೆಯಾಗಬಾರದು. ಇನ್ನೊಂದು ಮಾತು. 2021ರಲ್ಲಿ ಬಂದ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ, ಆದರೆ ಗಾಡಿ ಮೂಲರೂಪದಲ್ಲಿರಬೇಕು. ನಿಮ್ಮ ಕಾರು ಆ ಸಾಲಿಗೆ ಬರೋದು 2044ಕ್ಕೆ. ಗುಜರಿಯಲ್ಲಿ ಇನ್ನೊಂದು ಕಾಂಟೆಸ್ಸಾದ ಡಿಕ್ಕಿ ಡೋರ್ ಸಿಕ್ಕರೆ ಅದನ್ನು ತಂದು ಅದಕ್ಕೇ ತೂತು ಹಾಕಿಸಿ. ಅಪ್ಪ ತಂದ ಗಾಡಿಯ ಮೂಲ ಡೋರನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಣಗಿದ ಜಾಗದಲ್ಲಿ ನಿಲ್ಲಿಸಿ ಇಡಿ. ಪ್ಲಾಸ್ಟಿಕ್ ಸುತ್ತಬೇಡಿ, ತೇವ ಕೂತುಬಿಡುತ್ತದೆ.

ಈಗ ಕೆಲಸಕ್ಕೆ ಬರೋಣ. ಮೊದಲು ಡಿಕ್ಕಿ ಮುಚ್ಚಿ ಸುತ್ತಲಿನ ಗ್ಯಾಪ್ ನೋಡಿ. ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ ಇದ್ದರೆ ಹಿಂಜ್ ಸಡಿಲಿಸಿ ಅದನ್ನೇ ಮೊದಲು ಸರಿಮಾಡಿಸಿ. ಆಮೇಲೆ ಒಂದು ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬೋಲ್ಟ್ ಬರುವ ಜಾಗದಲ್ಲೆಲ್ಲ ಆಡಿಸಿ. ಎಲ್ಲಿ ಅಂಟಲ್ಲವೋ ಅಲ್ಲಿ ಪುಟ್ಟಿ ದಪ್ಪಗಿದೆ. ಅಂಥ ಕಡೆ ಬೋಲ್ಟ್ ಬಿಗಿದರೆ ಪುಟ್ಟಿ ಒಡೆಯುತ್ತದೆ. ಮೊದಲು ತಗಡಿನ ಕೆಲಸ ಆಗಬೇಕು.

ಸ್ಪಾಯ್ಲರನ್ನು ಡಿಕ್ಕಿ ಮೇಲೆ ಸುಮ್ನೆ ಇಟ್ಟು ನೋಡಿ. ಹೊರಗೆ ಮಾಡಿಸಿದ ಫೈಬರ್ ಮಾಲು ಮೊದಲ ಸಲಕ್ಕೇ ಕೂತರೆ ನಿಮ್ಮ ಅದೃಷ್ಟ. ಸಾಮಾನ್ಯವಾಗಿ ಮಧ್ಯದಲ್ಲೋ ತುದಿಯಲ್ಲೋ ಬೆಳಕು ಕಾಣುತ್ತದೆ. ಬೋಲ್ಟ್ ಬಿಗಿದರೆ ಕೂರುತ್ತದೆ ಅಂತ ಕೆಲವರು ಹೇಳ್ತಾರೆ. ಕೂರಲ್ಲ, ಸೀಳುತ್ತದೆ. ಫೈಬರ್ ಬಗ್ಗಲ್ಲ. ಡಿಕ್ಕಿ ಮೇಲೆ ಎರಡು ಪದರ ಮಾಸ್ಕಿಂಗ್ ಟೇಪ್ ಹಾಕಿ, ಅದರ ಮೇಲೆ 80 ನಂಬರ್ ಎಮರಿ ಪೇಪರನ್ನು ಮುಖ ಮೇಲೆ ಮಾಡಿ ಅಂಟಿಸಿ. ಈಗ ಸ್ಪಾಯ್ಲರನ್ನು ಅದರ ಮೇಲಿಟ್ಟು ಸಣ್ಣದಾಗಿ ಹಿಂದೆಮುಂದೆ ಉಜ್ಜಿ. ಡಿಕ್ಕಿಯ ಬಾಗು ಹೇಗಿದೆಯೋ ಸ್ಪಾಯ್ಲರಿನ ತಳ ಹಾಗೇ ಸವೆದು ಕೂರುತ್ತದೆ. ಧೂಳು ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿಕೊಳ್ಳಿ, ಫೈಬರ್ ಪುಡಿ ತುಂಬಾ ಕೆಟ್ಟದ್ದು. ಪೇಂಟ್ ಆಗೋದು ಇದೆಲ್ಲ ಮುಗಿದ ಮೇಲೆ, ಗಾಡಿಯಿಂದ ಬಿಚ್ಚಿಟ್ಟು. ತಳಕ್ಕೂ ಪೇಂಟ್ ಹೊಡೆಸಿ.

ಮಧ್ಯಭಾಗ ಹಿಡಿಯುವಾಗ ಬ್ಯಾಡ್ಜನ್ನಾಗಲಿ ಬೀಗವನ್ನಾಗಲಿ ನಂಬಬೇಡಿ. ಡಿಕ್ಕಿಯ ಎರಡೂ ಅಂಚಿನಿಂದ ಅಳೆದು ಗುರುತು ಹಾಕಿ. ಆಮೇಲೆ ಹದಿನೈದು ಅಡಿ ಹಿಂದೆ ಹೋಗಿ ನೋಡಿ. ಹಿಂದಿನ ಗಾಜಿನ ಕೆಳ ಅಂಚಿಗೂ ಬಂಪರಿಗೂ ಸ್ಪಾಯ್ಲರ್ ಸಮನಾಗಿ ಕಾಣಬೇಕು. ಹಳೆ ಗಾಡಿಗಳಲ್ಲಿ ಅಳತೆ ಟೇಪು ಹೇಳಿದ್ದಕ್ಕೂ ಕಣ್ಣಿಗೆ ಕಂಡಿದ್ದಕ್ಕೂ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಅಂಥಾಗ ಕಣ್ಣಿನ ಮಾತು ಕೇಳಿ, ನೋಡುವವರೂ ಕಣ್ಣಲ್ಲೇ ನೋಡೋದು.

ಎಲ್ಲರೂ ಎಡವೋದು ಇಲ್ಲಿ, ಸ್ವಲ್ಪ ನಿಧಾನವಾಗಿ ಓದಿ. ಡಿಕ್ಕಿ ಡೋರ್ ಅಂದರೆ ಒಂದೇ ತಗಡಲ್ಲ. ಮೇಲೊಂದು ತೆಳು ತಗಡು, ಒಳಗೆ ಅದಕ್ಕೆ ಆಧಾರ ಕೊಡುವ ಫ್ರೇಮು, ನಡುವೆ ಪೊಳ್ಳು. ಮೇಲಿಂದ ಡ್ರಿಲ್ ಮಾಡಿ ಎರಡನ್ನೂ ಒಂದೇ ಸೈಜಿಗೆ ತೂರಿಸಿ, ಒಳಗಡೆ ಫ್ರೇಮಿನ ಮೇಲೆ ನಟ್ಟು ಬಿಗಿದರೆ ಏನಾಗುತ್ತದೆ? ಪೊಳ್ಳು ಒತ್ತಿಕೊಂಡು ಮೇಲಿನ ತಗಡು ಗುಳಿ ಬೀಳುತ್ತದೆ. ಆ ಗುಳಿಯಲ್ಲಿ ನೀರು ನಿಲ್ಲುತ್ತದೆ. ಸರಿಯಾದ ದಾರಿ ಎಂದರೆ ಮೇಲಿನ ತಗಡಿಗೆ ಬೋಲ್ಟಿನಷ್ಟೇ ತೂತು, ಒಳ ಫ್ರೇಮಿಗೆ ನಟ್ಟು ತಿರುಗಿಸುವ ಸಾಕೆಟ್ ಮತ್ತು ವಾಷರ್ ಒಳಗೆ ಹೋಗುವಷ್ಟು ದೊಡ್ಡ ತೂತು. ನಟ್ಟು ಮೇಲಿನ ತಗಡಿನ ಅಡಿಗೇ ಬಿಗಿಯಬೇಕು. ಫ್ರೇಮಿನ ತೂತಿಗೆ ಆಮೇಲೆ ರಬ್ಬರ್ ಬಿರಡೆ ಹಾಕಿದರಾಯಿತು. ಡ್ರಿಲ್ ಹಿಡಿಯುವ ಮುಂಚೆ ಒಳಗಿಂದ ಟಾರ್ಚ್ ಬಿಟ್ಟು ನೋಡಿ. ಫ್ರೇಮಿನಲ್ಲಿ ಮೊದಲೇ ಇರುವ ಕಿಂಡಿಗಳ ನೇರಕ್ಕೆ ಬೋಲ್ಟ್ ಬರುವ ಹಾಗಿದ್ದರೆ ಅರ್ಧ ಕೆಲಸ ಉಳಿಯಿತು.

ತೂತಿನ ಜಾಗ ಗುರುತು ಹಾಕೋಕೆ ಅಳತೆ ಬೇಡ. ಸ್ಪಾಯ್ಲರ್ ತಳದಿಂದ ಚಾಚಿರುವ ಬೋಲ್ಟುಗಳ, ಅಂದರೆ ಸ್ಟಡ್‌ಗಳ ತುದಿಗೆ ಒಂದು ಚೂರು ಕುಂಕುಮ ಕಲಸಿ ಹಚ್ಚಿ, ಮಾಸ್ಕಿಂಗ್ ಟೇಪಿನ ಮೇಲೆ ನೇರವಾಗಿ ಇಳಿಸಿ. ಚುಕ್ಕೆ ಬಿದ್ದ ಕಡೆ ಪಂಚ್ ಹೊಡೆದು, ಮೊದಲು 3 ಎಂಎಂ ಬಿಟ್, ಆಮೇಲೆ 6 ಎಂಎಂ ಸ್ಟಡ್‌ಗೆ 7 ಎಂಎಂ ತೂತು. ಬಿಟ್ಟಿಗೆ ಒಂದು ಪೈಪಿನ ತುಂಡು ತೊಡಿಸಿ, ತುದಿ ಸ್ವಲ್ಪವೇ ಹೊರಗಿರಲಿ. ತಗಡು ತೂರಿದ ತಕ್ಷಣ ಡ್ರಿಲ್ ಒಳಗೆ ನುಗ್ಗಿ ಫ್ರೇಮನ್ನೋ ವೈರನ್ನೋ ತೂತು ಮಾಡೋದು ತಪ್ಪುತ್ತದೆ.

ತೂತಿನ ಮುಳ್ಳನ್ನು ಅರದಿಂದ ತೆಗೆಯಿರಿ. ಪೊಳ್ಳಿನೊಳಗೆ ಬಿದ್ದ ಲೋಹದ ಪುಡಿಯನ್ನು ವ್ಯಾಕ್ಯೂಮ್‌ನಿಂದ ಎಳೆದುಬಿಡಿ. ಒಂದು ಮಳೆಗೆ ಅದೆಲ್ಲ ಕೆಂಪು ತುಕ್ಕಾಗುತ್ತದೆ. ಆಮೇಲೆ ಸಣ್ಣ ಬ್ರಷ್ಷಿನಲ್ಲಿ ತೂತಿನ ಒಳ ಅಂಚಿಗೆ ಎಪಾಕ್ಸಿ ಪ್ರೈಮರ್ ಎರಡು ಕೋಟು, ಮೇಲೆ ಪೇಂಟು. ಒಂದು ದಿನ ಒಣಗೋಕೆ ಬಿಡಿ. ಸಂಜೆಯೊಳಗೆ ಗಾಡಿ ಕೊಡ್ತೀನಿ ಅನ್ನುವವರು ಬಿಡುವುದು ಇದನ್ನೇ. ಆ ಒಂದು ದಿನ ಕಾಯಲೇಬೇಕು ಅಂತ ಮೊದಲೇ ಹೇಳಿಬಿಡಿ.

ಕೂರಿಸುವಾಗ ಸ್ಪಾಯ್ಲರ್ ತಳಕ್ಕೆ ತೆಳು ರಬ್ಬರ್ ಗ್ಯಾಸ್ಕೆಟ್, ಪ್ರತಿ ಸ್ಟಡ್ ಸುತ್ತ ಬ್ಯುಟೈಲ್ ಸೀಲೆಂಟ್ (ನೀರು ತಡೆಯುವ ಮೆತ್ತನೆ ರಬ್ಬರ್ ಅಂಟು). ಮನೆಯ ಬಾತ್‌ರೂಮಿಗೆ ಬಳಸುವ, ಹುಳಿ ವಿನಿಗರ್ ವಾಸನೆ ಬರುವ ಸಿಲಿಕೋನ್ ಮಾತ್ರ ಬೇಡವೇ ಬೇಡ. ಅದರಿಂದ ಹೊರಬರುವ ಅಸಿಟಿಕ್ ಆಮ್ಲ ತಗಡಿಗೆ ತುಕ್ಕು ತರಿಸುತ್ತದೆ. ಒಳಗೆ ಅಗಲ ವಾಷರ್, ನೈಲಾನ್ ಲಾಕ್ ನಟ್ಟು. ಮಧ್ಯದಿಂದ ಶುರುಮಾಡಿ ತುದಿಗಳ ಕಡೆಗೆ ಅರ್ಧರ್ಧ ಸುತ್ತು ಬಿಗಿಯುತ್ತಾ ಹೋಗಿ. ಗ್ಯಾಸ್ಕೆಟ್ ಒಂಚೂರು ಒತ್ತಿಕೊಂಡಿತೋ, ಅಲ್ಲಿಗೆ ನಿಲ್ಲಿಸಿ. ಒಂದು ವಾರ ಓಡಿಸಿದ ಮೇಲೆ ಮತ್ತೆ ಮುಟ್ಟಿ ನೋಡಿ.

ಸ್ಪಾಯ್ಲರಿನ ಭಾರಕ್ಕೆ ಡಿಕ್ಕಿ ತಾನಾಗಿ ಇಳಿಯೋಕೆ ಶುರುವಾದರೆ ಹಿಂಜಿನ ಸ್ಪ್ರಿಂಗ್ ಬಿಗಿ ಮಾಡಿಸಬೇಕು. ಒಳಗೆ ತಲೆ ಹಾಕಿದಾಗ ಡೋರ್ ಬಿದ್ದರೆ ಸಣ್ಣ ಏಟಲ್ಲ.

ಕೊನೆಗೆ ಪ್ರತಿ ನಟ್ಟಿನ ಕೆಳಗೆ ಟಿಶ್ಯೂ ಪೇಪರ್ ಅಂಟಿಸಿ, ಡಿಕ್ಕಿ ಮುಚ್ಚಿ, ಪೈಪಿನಲ್ಲಿ ಹತ್ತು ನಿಮಿಷ ನೀರು ಬಿಡಿ. ತೆರೆದು ನೋಡಿದಾಗ ಯಾವ ಪೇಪರ್ ಒದ್ದೆಯಾಗಿದೆಯೋ ಆ ಜಾಗದ ಸೀಲೆಂಟ್ ಸರಿಯಾಗಿ ಕೂತಿಲ್ಲ. ಹೊರಗಿಂದ ಏನನ್ನೂ ಮೆತ್ತಬೇಡಿ. ನಟ್ಟುಗಳನ್ನು ಬಿಚ್ಚಿ, ಸ್ಪಾಯ್ಲರ್ ಎತ್ತಿ, ಆ ಸ್ಟಡ್‌ಗೆ ಹೊಸದಾಗಿ ಬ್ಯುಟೈಲ್ ಸುತ್ತಿ ಮತ್ತೆ ಕೂರಿಸಿ.