ಕೋಟಿ ಜನ ಬರಲಿಲ್ಲ, ಭಾಷೆ ಬಂತು

1887ರಲ್ಲಿ ವಾರ್ಸಾ ನಗರದಲ್ಲಿ, ಹೊಸದಾಗಿ ಕಟ್ಟಿದ ಒಂದು ಭಾಷೆಯನ್ನು ಪರಿಚಯಿಸುವ ತೆಳ್ಳನೆ ಪುಸ್ತಕ ಅಚ್ಚಾಯಿತು. ಬರೆದವರ ಹೆಸರು ಡಾಕ್ಟರ್ ಎಸ್ಪೆರಾಂಟೊ. ಗುಪ್ತನಾಮ ಅದು. ಅಸಲಿಗೆ ಅವರು ಕಣ್ಣಿನ ಡಾಕ್ಟರು, ಎಲ್. ಎಲ್. ಜಾಮೆನ್‌ಹಾಫ್. ಪುಸ್ತಕದ ಜೊತೆ ಕತ್ತರಿಸಿ ಕಳಿಸುವ ಚೀಟಿಗಳಿದ್ದವು: 'ಒಂದು ಕೋಟಿ ಜನ ಹೀಗೇ ಮಾತು ಕೊಟ್ಟರೆ ನಾನೂ ಈ ಭಾಷೆ ಕಲಿಯುತ್ತೇನೆ.' ಸಹಿ ಹಾಕಿ ಅಂಚೆಗೆ ಹಾಕಿದರಾಯಿತು. ಕೋಟಿ ಎಲ್ಲಿಂದ ಬರಬೇಕು? 1889ರಲ್ಲಿ ಅವರು ಪ್ರಕಟಿಸಿದ ವಿಳಾಸಪಟ್ಟಿಯಲ್ಲಿದ್ದದ್ದು ಸಾವಿರ ಹೆಸರು. ಆದರೂ ಭಾಷೆ ನಡೆಯಿತು. ಗುಪ್ತನಾಮವೇ ಅದರ ಹೆಸರಾಯಿತು.

ಜಾಮೆನ್‌ಹಾಫ್ ಹುಟ್ಟಿದ್ದು 1859ರಲ್ಲಿ, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ ಬಿಯಾಲಿಸ್ಟಾಕ್‌ನಲ್ಲಿ. ಯಹೂದಿ, ಪೋಲಿಷ್, ರಷ್ಯನ್, ಜರ್ಮನ್ ಜನ ಒಂದೇ ಊರಲ್ಲಿದ್ದರೂ ಒಬ್ಬರಿಗೊಬ್ಬರು ಆಗುತ್ತಿರಲಿಲ್ಲ. ಎಲ್ಲರಿಗೂ ಒಂದು ಎರಡನೇ ಭಾಷೆ ಇದ್ದರೆ ಜಗಳ ಕಡಿಮೆಯಾದೀತು ಅಂತ ಹುಡುಗನಿಗೆ ಅನ್ನಿಸಿತು. ಈ ನಂಬಿಕೆ ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿ. ಒಂದೇ ಭಾಷೆ ಆಡುವವರೂ ಚೆನ್ನಾಗಿಯೇ ಜಗಳವಾಡುತ್ತಾರೆ, ಅಲ್ವಾ?

ಆದರೆ ಭಾಷೆ ಕಟ್ಟಿದ ಜಾಣತನಕ್ಕೆ ಸಲಾಂ ಹೇಳಲೇಬೇಕು. ಮೂಲ ವ್ಯಾಕರಣ ಬರೀ 16 ನಿಯಮ. ಬೇರುಪದಕ್ಕೆ ತುಂಡು ಜೋಡಿಸುತ್ತಾ ಹೋಗುವುದೇ ಆಟ. 'ಸಾನ' ಅಂದರೆ ಆರೋಗ್ಯವಾಗಿರುವ. ಮುಂದೆ 'ಮಾಲ್' ಸೇರಿಸಿದರೆ ಅರ್ಥ ತಿರುಗುಮುರುಗು: 'ಮಾಲ್‌ಸಾನ', ಕಾಯಿಲೆ ಬಿದ್ದ. ವ್ಯಕ್ತಿ ಸೂಚಿಸುವ 'ಉಲ್' ಸೇರಿದರೆ 'ಮಾಲ್‌ಸಾನೂಲೊ', ರೋಗಿ. ಜಾಗ ಸೂಚಿಸುವ 'ಏಯ್' ಕೂಡ ಸೇರಿದರೆ 'ಮಾಲ್‌ಸಾನುಲೇಯೊ', ಆಸ್ಪತ್ರೆ. ಹೀಗಾಗಿ ಆ ಮೊದಲ ಪುಸ್ತಕದ ಸುಮಾರು 900 ಬೇರುಪದಗಳ ಪಟ್ಟಿ ಒಂದೇ ಹಾಳೆಯಲ್ಲಿ ಹಿಡಿಯಿತು. ಭಾಷೆ ಬಾರದವರಿಗೂ ಕಾಗದ ಬರೆದು, ಜೊತೆಗೆ ಪಟ್ಟಿ ಇಟ್ಟರೆ ಅವರು ಹುಡುಕಿ ಹುಡುಕಿ ಓದಿಕೊಳ್ಳಬಹುದು. 'ಮನೆಗಳಲ್ಲಿ' ಅನ್ನುವ ನಮಗೆ ಈ ಜೋಡಣೆ ಹೊಸದೇನಲ್ಲ.

ಹೀಗೆ ಅಂಚೆಯಲ್ಲೇ ಬೆಳೆದ ಭಾಷೆಯ ಕರ್ತೃ ಅಂಚೆಚೀಟಿಗೆ ಬಂದದ್ದು ಸಹಜವೇ. 1927ರಲ್ಲಿ ಎಸ್ಪೆರಾಂಟೊಗೆ 40 ತುಂಬಿದಾಗ ಸೋವಿಯತ್ ಒಕ್ಕೂಟ ಅವರ ಚಿತ್ರವಿದ್ದ 14 ಕೊಪೆಕ್‌ನ ಸ್ಟಾಂಪ್ ತಂದಿತು. ಹತ್ತೇ ವರ್ಷಕ್ಕೆ ಗಾಳಿ ಬದಲಾಯಿತು. ಹೊರದೇಶದವರಿಗೆ ಕಾಗದ ಬರೆಯುವುದೇ ಗೂಢಚರ್ಯೆಯ ಅನುಮಾನಕ್ಕೆ ಸಾಕಾಯಿತು. ಸ್ಟಾಲಿನ್ ಕಾಲದ ಬಂಧನಗಳಲ್ಲಿ ಎಸ್ಪೆರಾಂಟೊ ಮಂದಿ ಸಾಲುಸಾಲಾಗಿ ಸಿಕ್ಕಿಬಿದ್ದರು. ಅವರ ಮುಂದಾಳು ಎರ್ನೆಸ್ಟ್ ಡ್ರೆಜೆನ್‌ರನ್ನು 1937ರಲ್ಲಿ ಗುಂಡಿಕ್ಕಿ ಕೊಂದರು.

ಜಾಮೆನ್‌ಹಾಫ್ ಅದನ್ನು ನೋಡಲಿಲ್ಲ. 1917ರಲ್ಲೇ ತೀರಿಕೊಂಡಿದ್ದರು. ಅವರ ಮೂವರು ಮಕ್ಕಳೂ ನಾಜಿಗಳ ಕೈಯಲ್ಲಿ ಸತ್ತರು. 1959ರಲ್ಲಿ, ಅವರು ಹುಟ್ಟಿ ನೂರು ವರ್ಷವಾದಾಗ, ಪೋಲೆಂಡ್ ಅವರ ಹೆಸರಲ್ಲಿ ಸ್ಟಾಂಪ್ ಹೊರಡಿಸಿತು. ಮರುವರ್ಷ ದೂರದ ಬ್ರೆಜಿಲ್ ಕೂಡ. ಈಗ ಎಸ್ಪೆರಾಂಟೊ ಸ್ಟಾಂಪ್ ಕೂಡಿಡುವವರದ್ದೇ ಒಂದು ಸಂಘ ಇದೆ. ಅವರು ಯಾವ ಭಾಷೆಯಲ್ಲಿ ಕಾಗದ ಬರೆದುಕೊಳ್ಳುತ್ತಾರೆ ಅಂತ ಬೇರೆ ಹೇಳಬೇಕಾ?